ಮನೆಗೆ ಬೀಗ ಹಾಕುವ ಮುನ್ನ

ರಜೆಯಲ್ಲಿ ಊರಿಗೆ ಹೊರಡುವಾಗ ಗ್ಯಾಸು, ಲೈಟು, ಬೀಗಗಳನ್ನು ಎರಡೆರಡು ಸಲ ನೋಡುತ್ತೇವೆ. ಮನೆಯಲ್ಲಿ ನಿಂತ ನೀರನ್ನು ಮಾತ್ರ ಮರೆಯುತ್ತೇವೆ. ಡೆಂಗೆ ಹರಡುವ ಈಡಿಸ್ ಸೊಳ್ಳೆಗೆ ಚರಂಡಿ ಬೇಕಿಲ್ಲ. ಡ್ರಮ್ಮು, ಬಕೆಟ್ಟು, ತೊಟ್ಟಿಗಳ ತಿಳಿನೀರೇ ಸಾಕು. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ. ಆ ಸೊಳ್ಳೆಗಳು ರೋಗಿಯೊಬ್ಬನನ್ನು ಕಚ್ಚಿದರೆ ನೆರೆಹೊರೆಗೂ ಅಪಾಯ.

ಆದ್ದರಿಂದ ಹೊರಡುವ ಮುನ್ನ ಡ್ರಮ್ಮು, ಬಕೆಟ್ಟುಗಳ ನೀರನ್ನು ಗಿಡಗಳಿಗೆ ಹಾಕಿ, ಒಳಬದಿಯನ್ನು ಉಜ್ಜಿ ತೊಳೆದು ಬೋರಲು ಇಡಿ. ನೀರು ಚೆಲ್ಲಿದರಷ್ಟೇ ಸಾಲದು. ಅಂಚಿಗೆ ಅಂಟಿದ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಸಂಪು ಮತ್ತು ಮೇಲಿನ ಟ್ಯಾಂಕಿನ ಮುಚ್ಚಳ ಬಿಗಿಯಾಗಿರಲಿ. ಟ್ಯಾಂಕು ತುಂಬಿ ಹರಿಯುವ ಪೈಪಿನ ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿ. ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ತಟ್ಟೆಗಳನ್ನು ಬರಿದು ಮಾಡಿ. ಕಮೋಡನ್ನು ಮುಚ್ಚಿ.

ಮರಳಿದ ಮೇಲೆ ನಲ್ಲಿಗಳಲ್ಲಿ ನಿಂತ ನೀರನ್ನು ಕೆಲವು ನಿಮಿಷ ಹರಿಯಬಿಡಿ. ಕುಡಿಯುವ ನೀರನ್ನು ಹೊಸದಾಗಿ ಹಿಡಿದು, ಕುದಿಸಿ ಆರಿಸಿ.

ಎರಡು ವಾರದೊಳಗೆ ಮನೆಯಲ್ಲಿ ಯಾರಿಗಾದರೂ ತೀವ್ರ ಜ್ವರ, ಕಣ್ಣುಗಳ ಹಿಂದೆ ನೋವು, ಮೈಕೈ ನೋವು ಬಂದರೆ ತಡಮಾಡದೆ ವೈದ್ಯರನ್ನು ಕಾಣಿರಿ. ನೋವಿಗೆಂದು ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳನ್ನು ನೀವಾಗಿಯೇ ನುಂಗಬೇಡಿ. ಡೆಂಗೆಯಲ್ಲಿ ಅವು ರಕ್ತಸ್ರಾವಕ್ಕೆ ದಾರಿ ಮಾಡಬಹುದು.