ಹಣ್ಣಿನ ನೊಣದ ಭ್ರೂಣದಲ್ಲಿ ವೃದ್ಧಿಕಾರಕಗಳ ವ್ಯಾಪಾರ

ಒಂದೇ ಧಾತುವಿನಿಂದ ಹುಟ್ಟಿದ ಪದಗಳು ಉಪಸರ್ಗಪ್ರತ್ಯಯಗಳ ಭೇದದಿಂದ ನಾನಾರ್ಥಗಳನ್ನು ಪಡೆಯುವುವು. ಅಂತೆಯೇ, ಒಂದೇ ಮೊಟ್ಟೆಯಿಂದ ಹುಟ್ಟಿ, ಸಮಾನವಾದ ವಂಶವಾಹಿಗಳನ್ನೇ ಹೊತ್ತಿರುವ ಜೀವಕೋಶಗಳಲ್ಲಿ ಕೆಲವು ಬೆನ್ನಾಗಿಯೂ ಕೆಲವು ಹೊಟ್ಟೆಯಾಗಿಯೂ ಪರಿಣಮಿಸುವುದಕ್ಕೆ ಕಾರಣವೇನು? ಈ ಶಂಕೆಗೆ ಡ್ರೊಸಾಫಿಲ ಎಂಬ ಹಣ್ಣಿನ ನೊಣದ ಭ್ರೂಣದಲ್ಲಿ ಸಮಾಧಾನವು ದೊರೆಯುತ್ತದೆ.

ಈ ನೊಣದ ಮೊಟ್ಟೆಯೊಡೆದು ಮರಿಹುಳು ಹೊರಬರುವುದಕ್ಕೆ ಸುಮಾರು 24 ಗಂಟೆಗಳು ಸಾಕು. ಮೊದಲ ಮೂರು ಗಂಟೆಗಳಲ್ಲಿ ಕೋಶಕೇಂದ್ರವು 13 ಸಲ ಇಮ್ಮಡಿಸಿ, ಸುಮಾರು 6,000 ಕೇಂದ್ರಗಳು ಹೊರಪದರದಲ್ಲಿ ನೆಲಸುವುವು. ಆಗ ತಾಯಿಯಿಂದ ಬಂದ ಡಾರ್ಸಲ್ ಎಂಬ ಸಸಾರಜನಕವು ಹೊಟ್ಟೆಯ ಕಡೆಯ ಕೇಂದ್ರಗಳನ್ನು ಪ್ರವೇಶಿಸುತ್ತದೆ. ಈ ಹೆಸರಿಗೆ ‘ಬೆನ್ನಿನದು’ ಎಂದರ್ಥ. ಹೊಟ್ಟೆಯಲ್ಲಿ ಕೆಲಸಮಾಡುವುದಕ್ಕೆ ಬೆನ್ನಿನ ಹೆಸರೇಕೆ? ಅದಿಲ್ಲದಿದ್ದರೆ ಭ್ರೂಣವೆಲ್ಲವೂ ಬೆನ್ನೇ ಆಗುವುದರಿಂದ. ವ್ಯತಿರೇಕದಿಂದ ಕಾರಣವನ್ನು ನಿಶ್ಚಯಿಸುವ ಕ್ರಮವೇ ಇಲ್ಲಿ ನಾಮಕರಣಕ್ಕೂ ಮೂಲವಾಗಿದೆ.

ಡಾರ್ಸಲ್ ಇರುವೆಡೆಯಲ್ಲಿ ಡೆಕಾಪೆಂಟಪ್ಲೆಜಿಕ್ ಎಂಬ ವಂಶವಾಹಿಯು ತಡೆಯಲ್ಪಡುತ್ತದೆ. ಇದರಲ್ಲಿನ ಗ್ರೀಕ್ ಸಂಖ್ಯಾಪದಗಳು ನಮ್ಮ ‘ದಶ’, ‘ಪಂಚ’ಗಳ ಸೋದರಗಳು, ಹದಿನೈದು ಅಂಗಾಂಕುರಗಳಿಗೆ ಊನವಾಗುವುದನ್ನು ಕಂಡು ಇಟ್ಟ ಹೆಸರಿದು. ಬೆನ್ನಿನ ಕಡೆಯಲ್ಲಿ ಇದು ವೃದ್ಧಿಕಾರಕವನ್ನು ಹುಟ್ಟಿಸುತ್ತದೆ. ಪಕ್ಕಗಳಲ್ಲಿ ಹುಟ್ಟುವ ಸಾಗ್ ಎಂಬ ಸಸಾರಜನಕವು ಆ ಕಾರಕವನ್ನು ಕಟ್ಟಿಹಾಕಿ ನಡುಬೆನ್ನಿನತ್ತ ಒಯ್ಯುತ್ತದೆ. ಟಾಲಾಯ್ಡ್ ಎಂಬ ಕಿಣ್ವವು ಸಾಗನ್ನು ಕತ್ತರಿಸಿ ಕಾರಕವನ್ನು ಬಿಡಿಸುತ್ತದೆ. ಹೀಗೆ ಪ್ರಮಾಣವು ಅತ್ಯಧಿಕವಾದ ನಡುಬೆನ್ನಿನಲ್ಲಿ ತೆಳುಪೊರೆಯೂ, ಅದಕ್ಕಿಂತ ಕಡಮೆಯಾದೆಡೆಯಲ್ಲಿ ಬೆನ್ನಿನ ಚರ್ಮವೂ, ಕಾರಕವು ನಿಗ್ರಹಿಸಲ್ಪಟ್ಟ ಪಕ್ಕಗಳಲ್ಲಿ ನರಕೋಶಗಳೂ ಹುಟ್ಟುವುವು.

ಕಾರಕವಿದ್ದರೆ ಸಾಲದು, ಮಾತ್ರೆಯೂ ಸರಿಯಾಗಿರಬೇಕು. ತಂದೆತಾಯಿಗಳಿಂದ ಬರುವ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಭ್ರೂಣವು ಸಾಯುವುದು. ಛಂದಸ್ಸಿನಲ್ಲಿ ಮಾತ್ರೆಗೆಟ್ಟರೆ ಪದ್ಯವು ಕೆಡುವಂತೆ, ಇಲ್ಲಿ ಜೀವವೇ ಕೆಡುತ್ತದೆ.

ನೊಣದ ಸಂಗತಿಯು ನೊಣಕ್ಕೆ ಮಾತ್ರ ಸಂಬಂಧಿಸಿದ್ದೆಂದು ತಿಳಿಯಲಾಗದು. ಈ ಕಾರಕವು ಮನುಷ್ಯಶರೀರದ ವೃದ್ಧಿಕಾರಕಗಳ ಕುಲಕ್ಕೆ ಸೇರಿದುದೆಂದು 1987ರಲ್ಲಿ ಗೊತ್ತಾಯಿತು. ಮನುಷ್ಯನ ಮೂಳೆಯನ್ನು ಬೆಳೆಸುವ ಒಂದು ಕಾರಕವು ನೊಣದ ಭ್ರೂಣದಲ್ಲಿ ಇದರ ಕೆಲಸವನ್ನು ಮಾಡಬಲ್ಲುದೆಂದು 1993ರಲ್ಲಿ ಸಿದ್ಧವಾಯಿತು. ಆದರೆ ಬೆನ್ನೆಲುಬುಳ್ಳ ಪ್ರಾಣಿಗಳಲ್ಲಿ ಈ ಕಾರಕದ ಪ್ರಾಬಲ್ಯವು ಹೊಟ್ಟೆಯ ಕಡೆ. ನರರಜ್ಜುವು ಬೆನ್ನಿನ ಕಡೆ. ನೊಣದಲ್ಲಿ ಇವೆರಡೂ ತಲೆಕೆಳಗು. ಕೀಟಗಳ ದೇಹವಿನ್ಯಾಸವು ನಮ್ಮದೇ, ಆದರೆ ಮಗುಚಿದ್ದು, ಎಂದು ಫ್ರಾನ್ಸಿನ ಜಾಫ್ರಾ ಸೇಂಟ್ ಹಿಲೇರನು 1822ರಲ್ಲಿಯೇ ಪ್ರತಿಪಾದಿಸಿದ್ದನು. ಬಹುಕಾಲ ಉಪೇಕ್ಷೆಗೊಳಗಾಗಿದ್ದ ಆ ಪಕ್ಷಕ್ಕೆ ಈ ಅಲ್ಪಜೀವಿಯಿಂದ ಮತ್ತೆ ಬಲವು ಬಂದಿತು.