ಪುಸ್ತಕ ಮಾರಾಟದಾಚೆಗೆ: ಅಟ್ಲಾಂಟಾದ ‘ಕ್ಯಾರಿಸ್’ ಉಳಿದುಕೊಂಡ ಬಗೆ

ಪುಸ್ತಕದಂಗಡಿಯೊಂದು ಐವತ್ತು ವರ್ಷ ಬಾಳುವುದು ಯಾವ ಊರಿನಲ್ಲಾದರೂ ಸಣ್ಣ ಮಾತಲ್ಲ. ಅದರಲ್ಲಿಯೂ ಮಹಿಳೆಯರ ಬರಹ, ಬದುಕು ಹಾಗೂ ಹಕ್ಕುಗಳನ್ನೇ ಮುಖ್ಯವಾಗಿಸಿಕೊಂಡ ಅಂಗಡಿಯೊಂದು ಇಷ್ಟು ದೀರ್ಘಕಾಲ ಬಾಗಿಲು ತೆರೆದಿಟ್ಟಿರುವುದು ತೀರ ಅಪರೂಪ. ಅಮೆರಿಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರದಲ್ಲಿ 1974ರಲ್ಲಿ ಆರಂಭವಾದ ‘ಕ್ಯಾರಿಸ್ ಬುಕ್ಸ್ ಅಂಡ್ ಮೋರ್’ 2024ರಲ್ಲಿ ಐವತ್ತು ವರ್ಷ ಪೂರೈಸಿತು. ಇದೇ ಅವಧಿಯಲ್ಲಿ ಇಂತಹ ಹತ್ತಾರು ಮಳಿಗೆಗಳು ಮುಚ್ಚಿಹೋದವು. ಹಾಗಾದರೆ ಕ್ಯಾರಿಸ್ ಉಳಿದದ್ದು ಹೇಗೆ? ಉತ್ತರವನ್ನು ಅದರ ಕಪಾಟುಗಳಿಗಿಂತ ಹೆಚ್ಚಾಗಿ, ಕಪಾಟುಗಳ ನಡುವೆ ನಡೆಯುವ ಸಭೆಗಳಲ್ಲಿಯೂ, ಆ ಸಭೆಗಳ ಖರ್ಚಿಗೆ ಅದು ಕಂಡುಕೊಂಡ ದಾರಿಯಲ್ಲಿಯೂ ಹುಡುಕಬೇಕಾಗುತ್ತದೆ.

ಅಂಗಡಿಯೇ ಸಭಾಂಗಣ

1970ರ ದಶಕದ ಆರಂಭದಲ್ಲಿ ಅಮೆರಿಕದ ಸಾಮಾನ್ಯ ಪುಸ್ತಕದಂಗಡಿಗಳಲ್ಲಿ ಮಹಿಳಾ ಚಳವಳಿಯ ಬರಹಗಳು ದೊರೆಯುವುದು ಕಷ್ಟವಾಗಿತ್ತು. ಸಣ್ಣ ಮುದ್ರಣಾಲಯಗಳಲ್ಲಿ ಅಚ್ಚಾಗುತ್ತಿದ್ದ ಕಿರುಹೊತ್ತಗೆ, ಪತ್ರಿಕೆಗಳನ್ನು ಓದುಗರಿಗೆ ತಲುಪಿಸಲು ಮಹಿಳೆಯರೇ ಅಂಗಡಿ ತೆರೆಯತೊಡಗಿದರು. ಮಿನಿಯಾಪೊಲಿಸ್ ನಗರದ ‘ಅಮೆಜಾನ್ ಬುಕ್‌ಸ್ಟೋರ್’ 1970ರಲ್ಲಿ ಮನೆಯೊಂದರ ಜಗಲಿಯಲ್ಲಿ ಆರಂಭವಾಯಿತು. ಇಂದು ಜಗತ್ತಿಗೆಲ್ಲ ಪರಿಚಿತವಾಗಿರುವ ಅದೇ ಹೆಸರಿನ ಆನ್‌ಲೈನ್ ಸಂಸ್ಥೆ ಹುಟ್ಟಿದ್ದು ಅದಾದ ಎರಡು ದಶಕಗಳ ಬಳಿಕ, 1994ರಲ್ಲಿ.

ಈ ಅಂಗಡಿಗಳಿಗೆ ಬರುತ್ತಿದ್ದವರೆಲ್ಲ ಪುಸ್ತಕ ಕೊಳ್ಳಲೆಂದೇ ಬರುತ್ತಿರಲಿಲ್ಲ. ಗೋಡೆಯ ಸೂಚನಾ ಫಲಕದಲ್ಲಿ ಬಾಡಿಗೆ ಕೋಣೆ, ಉದ್ಯೋಗ, ವಕೀಲರು, ವೈದ್ಯರು, ಪ್ರತಿಭಟನಾ ಸಭೆಗಳ ವಿವರ ಇರುತ್ತಿತ್ತು. ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದವಳಿಗೆ ಎಲ್ಲಿ ಆಶ್ರಯ ಸಿಗುತ್ತದೆಂಬ ಮಾಹಿತಿ ಇಲ್ಲಿ ಸಿಗುತ್ತಿತ್ತು. ತಾನು ಸಲಿಂಗಪ್ರೇಮಿ ಎಂದು ಯಾರೊಡನೆಯೂ ಹೇಳಿಕೊಳ್ಳಲಾಗದ ಮಹಿಳೆ ತನ್ನಂಥವರನ್ನು ಮೊದಲು ಕಂಡದ್ದು ಎಷ್ಟೋ ಬಾರಿ ಇಂತಹ ಅಂಗಡಿಯಲ್ಲಿಯೇ.

ಗ್ರೀಕ್ ಭಾಷೆಯಲ್ಲಿ ‘ಕ್ಯಾರಿಸ್’ ಎಂದರೆ ಕೃಪೆ ಅಥವಾ ಕೊಡುಗೆ. ಲಿಂಡಾ ಬ್ರಯಂಟ್ ಹಾಗೂ ಬಾರ್ಬರಾ ಬೋರ್ಗ್‌ಮನ್ ಅಟ್ಲಾಂಟಾದ ಲಿಟಲ್ ಫೈವ್ ಪಾಯಿಂಟ್ಸ್ ಬಡಾವಣೆಯಲ್ಲಿ ಅದನ್ನು ಆರಂಭಿಸಿದಾಗ ಅಲ್ಲಿ ಧಾರ್ಮಿಕ ಚಿಂತನೆಯ ಪುಸ್ತಕಗಳೂ ಮಕ್ಕಳ ಪುಸ್ತಕಗಳೂ ಇದ್ದವು. ಗ್ರಾಹಕರ ಬೇಡಿಕೆ ಮತ್ತು ಚಳವಳಿಯ ಬಿಸಿ ಎರಡೂ ಸೇರಿ ಕೆಲವೇ ವರ್ಷಗಳಲ್ಲಿ ಅದನ್ನು ಸ್ತ್ರೀವಾದಿ ಅಂಗಡಿಯನ್ನಾಗಿಸಿದವು. ಹೆಸರಿನ ಕೊನೆಯ ‘ಮೋರ್’, ಅಂದರೆ ‘ಇನ್ನಷ್ಟು’, ಇಂದು ಲೇಖಕಿಯರ ಓದು, ಪುಸ್ತಕ ಚರ್ಚೆ, ಬರವಣಿಗೆಯ ಕೂಟ, ಮಕ್ಕಳಿಗೆ ಕಥೆ ಹೇಳುವ ಕಾರ್ಯಕ್ರಮ, ವರ್ಣಭೇದದ ಕುರಿತ ಸಂವಾದ, ಲಿಂಗತ್ವ ಅಲ್ಪಸಂಖ್ಯಾತರ ಬೆಂಬಲ ಗುಂಪು ಇವುಗಳವರೆಗೂ ಹರಡಿಕೊಂಡಿದೆ.

ಸಭೆಯ ಖರ್ಚು ಯಾರದು?

ಸಮಸ್ಯೆ ಇರುವುದು ಇಲ್ಲಿಯೇ. ಅಮೆರಿಕದ ಪುಸ್ತಕ ವ್ಯಾಪಾರದಲ್ಲಿ ಮುಖಬೆಲೆಯ ಸುಮಾರು ಶೇ. 40ರಷ್ಟು ಅಂಗಡಿಯವರ ಪಾಲಿಗೆ ಉಳಿಯುತ್ತದೆ. ಬಾಡಿಗೆ, ಸಂಬಳ, ವಿದ್ಯುತ್ ಬಿಲ್ ಎಲ್ಲವೂ ಅದರಲ್ಲಿಯೇ ಆಗಬೇಕು. ಸಂಜೆಯ ಸಂವಾದಕ್ಕೆ ನಲವತ್ತು ಮಂದಿ ಬಂದು ನಾಲ್ಕು ಪುಸ್ತಕ ಮಾರಾಟವಾದರೆ ಅಂದಿನ ಖರ್ಚೂ ಹುಟ್ಟುವುದಿಲ್ಲ. ಸಭೆ ನಿಲ್ಲಿಸಿದರೆ ಜನ ಬರುವ ಕಾರಣವೇ ಇಲ್ಲವಾಗುತ್ತದೆ. ನಡೆಸಿದರೆ ಅಂಗಡಿ ಸಾಲಕ್ಕೆ ಬೀಳುತ್ತದೆ.

1990ರ ದಶಕದ ಮಧ್ಯಭಾಗದಲ್ಲಿ ಅಮೆರಿಕ ಮತ್ತು ಕೆನಡಾಗಳಲ್ಲಿ ನೂರಕ್ಕೂ ಹೆಚ್ಚು ಸ್ತ್ರೀವಾದಿ ಪುಸ್ತಕ ಮಳಿಗೆಗಳಿದ್ದವು. ಆ ಬಳಿಕ ಭಾರಿ ರಿಯಾಯಿತಿ ನೀಡುವ ಸರಣಿ ಮಳಿಗೆಗಳು ಬಂದವು, ಅವುಗಳ ಹಿಂದೆಯೇ ಆನ್‌ಲೈನ್ ಮಾರಾಟವೂ ಬಂತು. ಸ್ತ್ರೀವಾದಿ ಮಳಿಗೆಗಳು ಬೆಳೆಸಿದ ಲೇಖಕಿಯರ ಪುಸ್ತಕಗಳು ಎಲ್ಲೆಡೆ, ಅದೂ ಅಗ್ಗದ ದರದಲ್ಲಿ ದೊರೆಯತೊಡಗಿದವು. ಸ್ಯಾನ್ ಫ್ರಾನ್ಸಿಸ್ಕೊದ ‘ಓಲ್ಡ್ ವೈವ್ಸ್ ಟೇಲ್ಸ್’ 1995ರಲ್ಲಿ, ಲಂಡನ್ನಿನ ‘ಸಿಲ್ವರ್ ಮೂನ್’ 2001ರಲ್ಲಿ ಬಾಗಿಲು ಮುಚ್ಚಿದವು. ಮಿನಿಯಾಪೊಲಿಸ್‌ನ ಅಮೆಜಾನ್ ಮಳಿಗೆ ಹೆಸರಿನ ಹಕ್ಕಿಗಾಗಿ 1999ರಲ್ಲಿ ಆನ್‌ಲೈನ್ ಸಂಸ್ಥೆಯ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿ, ಅದೇ ವರ್ಷ ರಾಜಿ ಮಾಡಿಕೊಂಡಿತು. ಮುಂದೆ ಹೆಸರು ಬದಲಿಸಿಕೊಂಡರೂ 2012ರಲ್ಲಿ ಮುಚ್ಚಿತು. 2010ರ ದಶಕದ ಹೊತ್ತಿಗೆ ಉಳಿದಿದ್ದವು ಹತ್ತು ಹನ್ನೆರಡು ಮಳಿಗೆಗಳು ಮಾತ್ರ.

ಎರಡು ಲೆಕ್ಕಪುಸ್ತಕಗಳ ಉಪಾಯ

ಈ ಬಿರುಗಾಳಿ ಬಲಗೊಳ್ಳುತ್ತಿದ್ದಾಗಲೇ, 1996ರಲ್ಲಿ, ಕ್ಯಾರಿಸ್ ಒಂದು ಮಹತ್ವದ ಹೆಜ್ಜೆ ಇಟ್ಟಿತು. ಕಾರ್ಯಕ್ರಮಗಳಿಗೆಂದೇ ‘ಕ್ಯಾರಿಸ್ ಸರ್ಕಲ್’ ಎಂಬ ಲಾಭರಹಿತ ಸಂಸ್ಥೆ ಸ್ಥಾಪನೆಯಾಯಿತು. ಅಂಗಡಿ ಪುಸ್ತಕ ಮಾರುತ್ತದೆ. ಸರ್ಕಲ್ ಸಭೆ ನಡೆಸುತ್ತದೆ. ಎರಡರ ಲೆಕ್ಕವೂ ಬೇರೆ ಬೇರೆ.

ಇದರ ಅನುಕೂಲವನ್ನು ಹೀಗೆ ವಿವರಿಸಬಹುದು. ಅಮೆರಿಕದ ತೆರಿಗೆ ಕಾನೂನಿನ ಪ್ರಕಾರ ವ್ಯಾಪಾರಿ ಅಂಗಡಿಗೆ ಕೊಟ್ಟ ಹಣಕ್ಕೆ ತೆರಿಗೆ ವಿನಾಯಿತಿ ಇಲ್ಲ. ಮಾನ್ಯತೆ ಪಡೆದ ಲಾಭರಹಿತ ಸಂಸ್ಥೆಗೆ ಕೊಟ್ಟ ದೇಣಿಗೆಗೆ ಉಂಟು. ಪ್ರತಿಷ್ಠಾನಗಳ ಅನುದಾನವೂ ಸಾಮಾನ್ಯವಾಗಿ ಇಂತಹ ಸಂಸ್ಥೆಗಳಿಗೇ ದೊರೆಯುತ್ತದೆ. ಹೀಗಾಗಿ ಕಾರ್ಯಕ್ರಮಗಳ ಹೊರೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಬೀಳುವುದು ತಪ್ಪಿತು. ಈ ವ್ಯವಸ್ಥೆಗೆ ಮಿತಿಯೂ ಇದೆ. ತೆರಿಗೆ ವಿನಾಯಿತಿ ಪಡೆದ ಇಂತಹ ಸಂಸ್ಥೆ ಚುನಾವಣೆಯಲ್ಲಿ ಯಾವ ಅಭ್ಯರ್ಥಿಯ ಪರವಾಗಿಯೂ ವಿರುದ್ಧವಾಗಿಯೂ ಪ್ರಚಾರ ಮಾಡುವಂತಿಲ್ಲ. ಆದರೆ ವಿಷಯಗಳ ಚರ್ಚೆಗೆ ಅಡ್ಡಿಯಿಲ್ಲ.

2019ರಲ್ಲಿ ಕ್ಯಾರಿಸ್ ಲಿಟಲ್ ಫೈವ್ ಪಾಯಿಂಟ್ಸ್ ತೊರೆದು ನೆರೆಯ ಡೆಕೇಟರ್ ಪಟ್ಟಣಕ್ಕೆ, ಆಗ್ನೆಸ್ ಸ್ಕಾಟ್ ಮಹಿಳಾ ಕಾಲೇಜಿನ ಮಗ್ಗುಲಿಗೆ ಸ್ಥಳಾಂತರಗೊಂಡು, ಆ ಕಾಲೇಜಿನ ಪುಸ್ತಕ ಮಳಿಗೆಯ ಹೊಣೆಯನ್ನೂ ಹೊತ್ತಿತು. ಓದುವ ಹುಡುಗಿಯರ ಸಹವಾಸವೂ, ಆದಾಯದ ಮತ್ತೊಂದು ಆಸರೆಯೂ ಒಟ್ಟಿಗೇ ದೊರೆತವು. 2020ರ ಕೋವಿಡ್ ಕಾಲದಲ್ಲಿ ಸಭೆಗಳು ಆನ್‌ಲೈನ್‌ಗೆ ಸಾಗಿದವು.

ಇಂದಿಗೂ ಏಕೆ ಬೇಕು?

ಎಲ್ಲ ಪುಸ್ತಕಗಳೂ ಮೊಬೈಲ್‌ನಲ್ಲಿಯೇ ಸಿಗುವಾಗ ಇಂತಹ ಅಂಗಡಿ ಏಕೆ ಎಂಬ ಪ್ರಶ್ನೆ ಸಹಜ. ಗರ್ಭಪಾತಕ್ಕೆ ಇದ್ದ ಸಾಂವಿಧಾನಿಕ ರಕ್ಷಣೆಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 2022ರ ಜೂನ್‌ನಲ್ಲಿ ತೆಗೆದುಹಾಕಿತು. ಮರುತಿಂಗಳೇ ಜಾರ್ಜಿಯಾದಲ್ಲಿ, ಸುಮಾರು ಆರು ವಾರಗಳ ನಂತರದ ಬಹುತೇಕ ಗರ್ಭಪಾತಗಳನ್ನು ನಿಷೇಧಿಸುವ ಕಾನೂನು ಜಾರಿಗೆ ಬಂತು. ಕಾನೂನಿನ ಪಠ್ಯ ಯಾರ ಮೊಬೈಲ್‌ನಲ್ಲಾದರೂ ಸಿಗುತ್ತದೆ. ಆದರೆ ಅದು ತನ್ನ ಬದುಕಿನಲ್ಲಿ ಏನು ಮಾಡುತ್ತದೆಂದು ಹೆಣ್ಣೊಬ್ಬಳು ಅಂಜದೆ ಕೇಳಲು ಎದುರಿಗೆ ಮನುಷ್ಯರು ಬೇಕು, ಕುಳಿತುಕೊಳ್ಳಲು ಒಂದು ಜಾಗ ಬೇಕು.

ಈ ಮಾತು ಬೆಂಗಳೂರಿಗೆ ಹೊಸದೇನಲ್ಲ. 1979ರಲ್ಲಿ ಹುಟ್ಟಿ, ವರದಕ್ಷಿಣೆ ಸಾವು ಹಾಗೂ ಕೌಟುಂಬಿಕ ದೌರ್ಜನ್ಯದ ವಿರುದ್ಧ ಹೋರಾಡುತ್ತ ಬಂದ ‘ವಿಮೋಚನಾ’ ಸಂಘಟನೆಯ ಮಹಿಳೆಯರು 1980ರ ದಶಕದಲ್ಲಿ ನಗರದಲ್ಲಿ ‘ಸ್ತ್ರೀಲೇಖ’ ಎಂಬ ಪುಸ್ತಕ ಮಳಿಗೆಯನ್ನು ಆರಂಭಿಸಿದ್ದರು. ಬೀದಿಯಲ್ಲಿ ಹೋರಾಡುವವರಿಗೆ ಪುಸ್ತಕದ ನಂಟೂ ಬೇಕೆಂಬ ಅರಿವು ಅದರ ಹಿಂದಿತ್ತು.

ಇಂತಹ ಸಭೆಗಳಿಗೆ ಪ್ರವೇಶ ಸಾಮಾನ್ಯವಾಗಿ ಉಚಿತ. ಆದರೆ ನಡೆಸುವವರಿಗೆ ಅವು ಎಂದೂ ಉಚಿತವಲ್ಲ. ಸಂಜೆ ಸಂವಾದ ಕೇಳಿ, ರಾತ್ರಿ ಮನೆಯಲ್ಲಿ ಕುಳಿತು ಅದೇ ಪುಸ್ತಕವನ್ನು ರಿಯಾಯಿತಿ ದರದಲ್ಲಿ ಆನ್‌ಲೈನ್‌ನಲ್ಲಿ ತರಿಸಿಕೊಳ್ಳುವ ಓದುಗ ಉಳಿಸುವುದು ನೂರಿನ್ನೂರು ರೂಪಾಯಿ. ಮುಚ್ಚಿಹೋದ ಮಳಿಗೆಗಳ ಪಟ್ಟಿಯಲ್ಲಿ ಆ ಉಳಿತಾಯದ ಪಾಲೂ ಇದೆ.