ಚಿಕ್ಕಮ್ಮನ ಹೊಲಿಗೆ ಮೆಷಿನ್ ಪಕ್ಕದಲ್ಲೊಂದು ಕಂಪೈಲರ್

ಗೌರಿ ಹಬ್ಬಕ್ಕೆ ಊರಿಗೆ ಹೋಗಿದ್ದೆ. ಹೋಳಿಗೆ ಊಟ ಮುಗಿಸಿ ಜಗಲಿ ಮೇಲೆ ಕೂತಿದ್ದಾಗ ಚಿಕ್ಕಪ್ಪನ ಮಗಳು ಮೆಲ್ಲಗೆ ಹತ್ತಿರ ಬಂದಳು. "ಅಣ್ಣಾ, ನಂಗೆ ಈ ಕಂಪ್ಯೂಟರ್ ಸೈನ್ಸ್ ಆಗಲ್ಲ ಅನ್ಸತ್ತೆ. ಬಿಟ್ಬಿಡ್ಲಾ? ಅಪ್ಪಂಗೆ ನೀನೇ ಹೇಳು."

ಎಂಜಿನಿಯರಿಂಗ್ ಎರಡನೇ ವರ್ಷ. ಸಿ ಪೇಪರ್ ಇನ್ನೂ ಬಾಕಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಪರದೆ ಮೇಲೆ ಇಂಗ್ಲಿಷ್‌ನಲ್ಲಿ ಎರರ್ ಬಂದರೆ ಓದೋದೇ ಇಲ್ಲ, ತಕ್ಷಣ ಕಿಟಕಿ ಮುಚ್ಚಿಬಿಡ್ತಾಳೆ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್. ಯಾರೋ ಹೇಳಿದರು ಅಂತ ದೊಡ್ಡದೊಂದು ಸಾಫ್ಟ್‌ವೇರ್ ಇಳಿಸಿಕೊಳ್ಳಲು ಹೋಗಿ ದಿನದ 1.5 ಜಿಬಿ ಡೇಟಾ ಅರ್ಧದಲ್ಲೇ ಖಾಲಿಯಾಗಿತ್ತಂತೆ.

ನಾನೇನು ಕಮ್ಮಿ? ಲ್ಯಾಬಿನ ನೀಲಿ ಪರದೆಯ ಟರ್ಬೊ ಸಿಯಲ್ಲಿ ಕಂಟ್ರೋಲ್ ಎಫ್9 ಒತ್ತಿ ಪಾಸಾದವನು. ಎಂಟು ವರ್ಷದಿಂದ ಕೆಲಸದಲ್ಲಿದ್ದರೂ ವಿಂಡೋಸ್‌ನಲ್ಲಿ ಒಂದು ಭಾಷೆಯನ್ನು ಅದರ ಮೂಲ ಕೋಡ್‌ನಿಂದ ಕಟ್ಟಿದವನಲ್ಲ. ಇನ್‌ಸ್ಟಾಲರ್, ನೆಕ್ಸ್ಟ್, ನೆಕ್ಸ್ಟ್, ಫಿನಿಶ್. ಅಷ್ಟೇ.

"ನಾಳೆ ಒಂದಿನ ಕೂತ್ಕೊಳೋಣ, ಆಮೇಲೆ ಬಿಡೋದಾದ್ರೆ ಬಿಡು" ಅಂದೆ.

ಆರಿಸಿಕೊಂಡದ್ದು ಲುವಾ. 1993ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ಮೂವರು ಸೇರಿ ಹುಟ್ಟಿಸಿದ ಭಾಷೆ. ಪೋರ್ಚುಗೀಸ್‌ನಲ್ಲಿ ಲುವಾ ಅಂದರೆ ಚಂದ್ರ. ಹೊರದೇಶದ ಕಂಪ್ಯೂಟರ್, ಸಾಫ್ಟ್‌ವೇರ್ ತರಿಸಿಕೊಳ್ಳಲು 1992ರವರೆಗೂ ಅಲ್ಲಿ ಬಿಗಿಯಾದ ನಿರ್ಬಂಧವಿತ್ತು, ಹಾಗಾಗಿ ಬೇಕಾದ್ದನ್ನು ತಾವೇ ಮಾಡಿಕೊಳ್ಳುವ ರೂಢಿ ಬೆಳೆದಿತ್ತು. ಇವತ್ತು ಎಷ್ಟೋ ಆಟಗಳ ಹೊಟ್ಟೆಯೊಳಗೆ ಲುವಾ ಇದೆ. ಅದರ ಪೂರ್ತಿ ಮೂಲ ಕೋಡ್ ಕುಗ್ಗಿಸಿದ ಕಟ್ಟಿನಲ್ಲಿ 400 ಕೆಬಿಯೂ ಇಲ್ಲ, ವಾಟ್ಸಾಪ್‌ನಲ್ಲಿ ಬರೋ ಒಂದು ಗುಡ್ ಮಾರ್ನಿಂಗ್ ಫೋಟೊದಷ್ಟು!

ಕಂಪೈಲರ್‌ಗೆ ಡಬ್ಲ್ಯು64ಡೆವ್‌ಕಿಟ್. ಜಿಸಿಸಿ, ಮೇಕ್ ಎಲ್ಲಾ ಒಟ್ಟಿಗೆ ಇರುವ ಉಚಿತ ಕಟ್ಟು, 100 ಎಂಬಿ ಒಳಗೇ ಬಂತು. ಬಿಚ್ಚಿ ಒಂದು ಫೋಲ್ಡರ್‌ಗೆ ಹಾಕಿದರೆ ಮುಗಿಯಿತು, ಅಡ್ಮಿನ್ ಪಾಸ್‌ವರ್ಡ್ ಕೇಳಲ್ಲ. (ಫೋಲ್ಡರ್ ಹೆಸರಿನ ನಡುವೆ ಖಾಲಿ ಜಾಗ ಬಿಡಬೇಡಿ, ತಲೆನೋವು ಕಮ್ಮಿ.)

ಚಿಕ್ಕಮ್ಮನ ಹೊಲಿಗೆ ಮೆಷಿನ್ ಪಕ್ಕದ ಟೇಬಲ್ಲೇ ನಮ್ಮ ಲ್ಯಾಬ್. ಕಪ್ಪು ಕಿಟಕಿ ತೆರೆದು ಲುವಾ 5.4ರ ಫೋಲ್ಡರ್‌ಗೆ ಹೋಗಿ 'ಮೇಕ್' ಅಂತ ಹೊಡೆದಳು. ಎರರ್. ಕೈ ಆಗಲೇ ಮುಚ್ಚುವ ಗುಂಡಿ ಕಡೆ ಹೋಗಿತ್ತು.

"ಮುಚ್ಬೇಡ. ಓದು."

ಒಂದೊಂದೇ ಪದ ಕೂಡಿಸಿ ಓದಿದಳು. ಬರೀ 'ಮೇಕ್' ಅಂದರೆ ಇದು ಯಾವ ಸಿಸ್ಟಮ್ ಅಂತ ಅದು ತಾನೇ ಊಹಿಸಲು ನೋಡುತ್ತೆ. ಸಿಕ್ಕ ಉತ್ತರ 'ವಿಂಡೋಸ್ ಎನ್‌ಟಿ', ಆ ಹೆಸರಿಗೆ ಮೇಕ್‌ಫೈಲ್‌ನಲ್ಲಿ ನಿಯಮವೇ ಇಲ್ಲ. "ಹಂಗಾದ್ರೆ ಯಾವ ಹೆಸರು ಐತೆ ಅಂತ ಅದರಲ್ಲೇ ನೋಡ್ಬೇಕಾ?" ಅಂತ ತಾನೇ ಮೇಕ್‌ಫೈಲ್ ತೆರೆದಳು. ಲಿನಕ್ಸ್, ಮ್ಯಾಕ್‌ಗಳ ಸಾಲಿನಲ್ಲಿ ಮಿಂಗ್‌ಡಬ್ಲ್ಯು ಇತ್ತು, ವಿಂಡೋಸ್‌ನ ಜಿಸಿಸಿಗೆ ಹೇಳಿಮಾಡಿಸಿದ್ದು. 'ಮೇಕ್ ಮಿಂಗ್‌ಡಬ್ಲ್ಯು' ಅಂತ ಹೊಡೆದಳು. ನಾನು ಬಾಯಿ ಬಿಟ್ಟಿರಲಿಲ್ಲ.

ಸಾಲುಗಳು ಓಡತೊಡಗಿದವು. ಒಂದು ಸಿ ಫೈಲ್ ಹೋಗಿ ಒಂದು ಓ ಫೈಲ್, ಇನ್ನೊಂದು ಹೋಗಿ ಇನ್ನೊಂದು. ಒಟ್ಟು 34 ಸಿ ಫೈಲ್. ಬಿಡಿ ತುಂಡು ಯಾಕೆ ಅಂತ ಕೇಳಿದಳು. ನಾನು ಏನೋ ದೊಡ್ಡದಾಗಿ ಹೇಳಲು ಹೊರಟೆ. ಚಿಕ್ಕಮ್ಮ ರವಿಕೆ ಬಟ್ಟೆಯಿಂದ ತಲೆ ಎತ್ತದೆ, "ತೋಳು, ಬೆನ್ನು ಬೇರೆ ಬೇರೆ ಕತ್ತರಿಸಿ ಆಮೇಲೆ ಕೂಡಿಸಲ್ವೇನೇ? ತೋಳು ಬಿಗಿ ಅಂದ್ರೆ ತೋಳೊಂದೇ ಬಿಚ್ಚಿದ್ರಾಯ್ತು" ಅಂದರು. ಲಿಂಕಿಂಗ್ ಬಗ್ಗೆ ಇಷ್ಟು ಸಲೀಸಾಗಿ ನನಗೆ ಯಾವ ಮೇಷ್ಟ್ರೂ ಹೇಳಿರಲಿಲ್ಲ.

ನಿಮಿಷದೊಳಗೆ ಲುವಾ ಇಎಕ್ಸ್‌ಇ ಸಿದ್ಧ. ಖುಷಿಗೆ ಅದೊಂದನ್ನೇ ಡೆಸ್ಕ್‌ಟಾಪ್‌ಗೆ ಕಾಪಿ ಮಾಡಿ ಒತ್ತಿದಳು. ಡಿಎಲ್‌ಎಲ್ ಸಿಗಲಿಲ್ಲ ಅಂತ ಬಂತು. ಈ ಸಲ ಮುಚ್ಚಲಿಲ್ಲ. ಓದಿ, ಲುವಾ54 ಡಿಎಲ್‌ಎಲ್ ಫೈಲನ್ನೂ ಪಕ್ಕಕ್ಕೆ ತಂದಿಟ್ಟಳು.

ಆಮೇಲಿನದು ಪೂರ್ತಿ ಅವಳದೇ ಆಟ. ಲುವಾ ನಮ್ಮ ಮಾತಿಗೆ ಕಾಯುವಾಗ ತೋರಿಸುವ ಬಾಣದ ಗುರುತು ಲುವಾ ಡಾಟ್ ಸಿ ಫೈಲ್‌ನಲ್ಲಿದೆ. ಅದನ್ನು ಅಳಿಸಿ 'ಹೇಳು' ಅಂತ ಕನ್ನಡದಲ್ಲೇ ಬರೆದಳು. ಕಪ್ಪು ಕಿಟಕಿಯಲ್ಲಿ ಬಂದದ್ದು ಅಡ್ಡಾದಿಡ್ಡಿ ಗುರುತು. ಕೋಡ್‌ಪೇಜ್ ಬದಲಿಸಿದರೂ ಅಕ್ಷರ ಸರಿಯಾಗಿ ಕೂರಲಿಲ್ಲ (ಇದೊಂದು ಸಿಟ್ಟು ನನಗೆ ಈಗಲೂ ಇದೆ). ಕೊನೆಗೆ ಇಂಗ್ಲಿಷ್ ಅಕ್ಷರದಲ್ಲೇ 'ಹೇಳು' ಅಂತ ಬರೆದು ಮತ್ತೆ ಮೇಕ್ ಕೊಟ್ಟಳು. ಆ ಒಂದು ಫೈಲ್ ಮಾತ್ರ ಮತ್ತೆ ಕಂಪೈಲ್ ಆಯಿತು. "ಅಮ್ಮಾ, ತೋಳೊಂದೇ!" ಅಂತ ಕೂಗಿದಳು.

ಚಿಕ್ಕಪ್ಪನ ಹತ್ತಿರ ನಾನು ಏನೂ ಹೇಳಲಿಲ್ಲ. ಅವಳೂ ಮತ್ತೆ ಕೇಳಲಿಲ್ಲ.

ಬೆಂಗಳೂರಿಗೆ ಬಂದು ನಾಲ್ಕು ದಿನವಾಗಿತ್ತು. ರಾತ್ರಿ ಹನ್ನೊಂದಕ್ಕೆ ಫೋನ್. "ಅಣ್ಣಾ, ಎಲ್‌ಲೆಕ್ಸ್ ಫೈಲ್‌ನಲ್ಲಿ ಭಾಷೆಯ ಪದಗಳ ಪಟ್ಟಿ ಐತೆ ನೋಡು. 'ವೈಲ್' ತೆಗೆದು 'ಎಲ್ಲಿವರೆಗೆ' ಅಂತ ಇಂಗ್ಲಿಷ್ ಅಕ್ಷರದಲ್ಲಿ ಹಾಕಿದೆ, ಕೆಲಸ ಮಾಡ್ತಿದೆ! ಆದ್ರೆ ನಿನ್ನೆ ಓಡಿದ ಪ್ರೋಗ್ರಾಂ ಇವತ್ತು ಸಿಂಟ್ಯಾಕ್ಸ್ ಎರರ್ ಅಂತಿದೆ..."

ನಾನು ಉತ್ತರ ಹೇಳುವ ಮೊದಲೇ ಆ ಕಡೆಯಿಂದ "ಅಯ್ಯೋ, ಅದರಲ್ಲಿ ಹಳೇ ವೈಲ್ ಐತಲ್ಲ! ಇಡು ಇಡು" ಅಂತ ಫೋನ್ ಕಟ್ ಮಾಡಿದಳು.